ಆಟ ಚೆನ್ನಾಗಿತ್ತು, ಭಾಷೆ ಎಲ್ಲಿ ಹೋಯಿತು?

ಭಾಷೆಯ ತರಗತಿಯಲ್ಲಿ ಚಟುವಟಿಕೆ ಎಂದಕೂಡಲೇ ಬಣ್ಣದ ಕಾರ್ಡು, ಚಪ್ಪಾಳೆ, ಗದ್ದಲ ಕಣ್ಣಮುಂದೆ ಬರುತ್ತವೆ. ಗದ್ದಲ ಆಗಿದೆ, ಅಂದಮೇಲೆ ಪಾಠವೂ ಆಗಿದೆ ಎಂದು ಮೇಷ್ಟ್ರೂ ನಂಬುತ್ತಾರೆ, ಮಕ್ಕಳೂ ನಂಬುತ್ತಾರೆ. ಆ ಗದ್ದಲಕ್ಕೆ ಒಮ್ಮೆ ಕಿವಿಗೊಟ್ಟು ನೋಡಿ. ಫ್ರೆಂಚ್ ಕಲಿಯುವ 30 ಜನ ಕಾಲು ಗಂಟೆ ಆಡಿದ ಆಟದಲ್ಲಿ ಫ್ರೆಂಚ್ ಮಾತು ಎಷ್ಟು, ‘ಏಯ್, ಈಗ ನನ್ನ ಸರದಿ’ ಎನ್ನುವ ತಾಯ್ನುಡಿಯ ಮಾತು ಎಷ್ಟು? ಹಲವು ಆಟಗಳಲ್ಲಿ ಕಲಿಯುವ ಭಾಷೆಯ ಒಂದೊಂದೇ ಪದ ಹೊರಬೀಳುತ್ತದೆ, ಉಳಿದದ್ದೆಲ್ಲ ಜಗಳ.

ಹಾಗಾಗಿ ಯಾವುದೇ ಚಟುವಟಿಕೆಗೆ ಕೈಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕೇಳುವವರಿಗೆ ಗೊತ್ತಿಲ್ಲದ ಯಾವ ಸಂಗತಿಯನ್ನು ಹೇಳುವವರು ಹೇಳುತ್ತಿದ್ದಾರೆ? ಎಲ್ಲರಿಗೂ ಕಾಣುವ ಪುಸ್ತಕವನ್ನೇ ತೋರಿಸಿ ‘ಇದೇನು?’ ಎಂದರೆ ಉತ್ತರ ಯಾರಿಗೂ ಬೇಕಿಲ್ಲ. ಒಬ್ಬರ ಹಾಳೆಯಲ್ಲಿ ಇರುವುದು ಇನ್ನೊಬ್ಬರ ಹಾಳೆಯಲ್ಲಿ ಇಲ್ಲದಿದ್ದಾಗ ಮಾತ್ರ ಬಾಯಿ ಬಿಡಲೇಬೇಕಾಗುತ್ತದೆ. ಭಾಷಾ ಶಿಕ್ಷಕರು ಇನ್ಫರ್ಮೇಶನ್ ಗ್ಯಾಪ್ ಎನ್ನುವುದು ಇದಕ್ಕೇ.

ಇದರ ಅತಿ ಸರಳ ರೂಪ, ವ್ಯತ್ಯಾಸ ಹುಡುಕುವ ಚಿತ್ರಜೋಡಿ. ಒಂದು ರೇಖಾಚಿತ್ರ ತೆಗೆದುಕೊಳ್ಳಿ (ಫೋಟೊ ಬೇಡ, ಝೆರಾಕ್ಸ್‌ನಲ್ಲಿ ಕಪ್ಪು ಕಪ್ಪಾಗುತ್ತದೆ). ಒಂದು ಪ್ರತಿಯ ಮೇಲೆ ವೈಟ್ನರ್ ಹಚ್ಚಿ ಎಂಟು ಕಡೆ ಬದಲಿಸಿ, ಮತ್ತೆ ಪ್ರತಿ ತೆಗೆಯಿರಿ. ಜೋಡಿಯಲ್ಲಿ ಒಬ್ಬರಿಗೆ ‘ಎ’, ಇನ್ನೊಬ್ಬರಿಗೆ ‘ಬಿ’. ತಮ್ಮ ಚಿತ್ರ ತೋರಿಸದೆ, ಮಾತಾಡಿಯೇ ಎಂಟೂ ವ್ಯತ್ಯಾಸ ಕಂಡುಹಿಡಿಯಬೇಕು. ಎಂಟರಿಂದ ಹತ್ತು ನಿಮಿಷ ಸಾಕು.

ಇದು ಕೈಕೊಡುವುದು ಚಿತ್ರದಲ್ಲೇ. ‘ಎ’ಯಲ್ಲಿ ಗಡಿಯಾರ ಇದೆ, ‘ಬಿ’ಯಲ್ಲಿ ಇಲ್ಲ ಎನ್ನುವಂಥ ವ್ಯತ್ಯಾಸಗಳನ್ನೇ ತುಂಬಿದರೆ ‘ಗಡಿಯಾರ?’ ‘ಇಲ್ಲ.’ ‘ಬೆಕ್ಕು?’ ‘ಹೂಂ.’ ಅಷ್ಟಕ್ಕೇ ಮುಗಿಯುತ್ತದೆ. ವಾಕ್ಯವೇ ಬೇಡ. ಎಂಟರಲ್ಲಿ ಆರು ಕಡೆ ವಸ್ತು ಎರಡರಲ್ಲೂ ಇರಲಿ. ಅದು ಇರುವ ಜಾಗ, ಎಣಿಕೆ ಅಥವಾ ಮಾಡುತ್ತಿರುವ ಕೆಲಸ ಮಾತ್ರ ಬೇರೆಯಾಗಲಿ. ಬೆಕ್ಕು ಒಂದರಲ್ಲಿ ಕುರ್ಚಿಯ ಮೇಲೆ, ಇನ್ನೊಂದರಲ್ಲಿ ಕೆಳಗೆ. ಆಗ ಬರಿಯ ನಾಮಪದದಿಂದ ಏನೂ ಬಗೆಹರಿಯುವುದಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ ಎಂದು ಹಲವರು ಹೇಳುತ್ತಾರೆ. 20 ಜೋಡಿ ಇರುವ ಕೋಣೆಯಲ್ಲಿ ಹಾಗೆ ಕೂತರೆ ಯಾರಿಗೂ ಏನೂ ಕೇಳುವುದಿಲ್ಲ, ಎಲ್ಲರೂ ಕೂಗಲು ಶುರುಮಾಡುತ್ತಾರೆ. ನಡುವೆ ಒಂದು ಫೈಲು ನಿಲ್ಲಿಸಿದರೆ ಸಾಕು.

ಮೇಲೆ–ಕೆಳಗೆ ಎಂದಾಗ ಫ್ರೆಂಚ್ ಕಲಿಸುವವರಿಗೆ ಒಂದು ಮಾತು. ಆ ಭಾಷೆಯಲ್ಲಿ ‘ಮೇಲೆ’ ಮತ್ತು ‘ಕೆಳಗೆ’ ಪದಗಳ ನಡುವೆ ಇರುವುದು ಒಂದೇ ಸ್ವರದ ಅಂತರ. ನಮ್ಮ ಲಿಪಿಯಲ್ಲಿ ಬರೆದರೆ ದೆಸ್ಯು, ದೆಸು ಎಂದಾದೀತು, ಆದರೆ ಮೊದಲನೆಯದರಲ್ಲಿ ‘ಯ’ ಎಂಬುದೇ ಇಲ್ಲ. ತುಟಿಯನ್ನು ‘ಊ’ಗೆ ಇಟ್ಟಂತೆ ದುಂಡಗಿಟ್ಟು ಒಳಗಿನಿಂದ ‘ಈ’ ಹೇಳಬೇಕು. ಇದನ್ನು ಬೋರ್ಡಿನ ಮೇಲೆ ವಿವರಿಸುವುದಕ್ಕಿಂತ ಚಿತ್ರ ಬರೆಸುವುದು ಮೇಲು: ಒಬ್ಬರು ಹೇಳಬೇಕು, ಇನ್ನೊಬ್ಬರು ಒಂದು ಗೆರೆಯ ಮೇಲೋ ಕೆಳಗೋ ಚೆಂಡು ಬರೆಯಬೇಕು. ಉಚ್ಚಾರ ತಪ್ಪಿದರೆ ಚೆಂಡು ತಪ್ಪು ಜಾಗಕ್ಕೆ ಬೀಳುತ್ತದೆ. ಮೇಷ್ಟ್ರು ತಿದ್ದುವ ಮೊದಲೇ ಹಾಳೆ ತಿದ್ದಿರುತ್ತದೆ.

ಕಿವಿಯ ಅಭ್ಯಾಸ ಎಲ್ಲರಿಗೂ ಒಂದೇ ಅಲ್ಲ ಎಂಬುದೂ ಇಲ್ಲೇ ನೆನಪಿರಲಿ. ಜಪಾನಿ ಭಾಷೆಯ ಕಿತೆ (ಬಾ), ಕಿತ್ತೆ (ಅಂಚೆ ಚೀಟಿ), ಕೀತೆ (ಕೇಳು) ಎಂಬ ತ್ರಿವಳಿಗೆ ಇಂಗ್ಲಿಷರಿಗಾಗಿ ಬರೆದ ಪಠ್ಯಗಳು ಪುಟಗಟ್ಟಲೆ ಅಭ್ಯಾಸ ಕೊಡುತ್ತವೆ. ಹ್ರಸ್ವ, ದೀರ್ಘ, ಒತ್ತಕ್ಷರ ಮೂರೂ ಇರುವ ಕನ್ನಡದವರ ಕಿವಿಗೆ ಅದು ಐದು ನಿಮಿಷದ ಕೆಲಸ. ಉಳಿದ ಸಮಯವನ್ನು ಬೇರೆ ಕಡೆ ಹಾಕಿ.

ಕೇಳಿ, ಕಟ್ಟಿ ಬರೆಯುವುದು

ನಮ್ಮ ಮಟ್ಟಿಗೆ, ಒಂದು ತರಗತಿಗೆ ಒಂದೇ ಚಟುವಟಿಕೆ ಆರಿಸಿ ಎಂದರೆ ಡಿಕ್ಟೊಗ್ಲಾಸ್. 1990ರಲ್ಲಿ ಭಾಷಾತಜ್ಞೆ ರೂತ್ ವಾಜ್ನ್‌ರಿಬ್ ಇದರ ಕ್ರಮವನ್ನು ವಿವರವಾಗಿ ಬರೆದಿಟ್ಟರು. ಹೆಸರು ದೊಡ್ಡದು, ಕೆಲಸ ಸರಳ. ಮೇಷ್ಟ್ರು ಒಂದು ಸಣ್ಣ ಪಠ್ಯ ಓದುತ್ತಾರೆ, ಮಕ್ಕಳು ಸಿಕ್ಕಷ್ಟು ಹಿಡಿದುಕೊಂಡು, ಗುಂಪಿನಲ್ಲಿ ಕೂತು, ಅದನ್ನು ಮತ್ತೆ ಕಟ್ಟುತ್ತಾರೆ.

ಎ2 ಮಟ್ಟಕ್ಕೆ (ಯುರೋಪಿನ ಆರು ಹಂತದ ಭಾಷಾ ಅಳತೆಯಲ್ಲಿ ಕೆಳಗಿನಿಂದ ಎರಡನೆಯದು) 50–60 ಪದಗಳ, ನಾಲ್ಕೈದು ವಾಕ್ಯಗಳ ಪಠ್ಯ ಬೇಕು. ಕಲಿಸಬೇಕಾದ ವ್ಯಾಕರಣಾಂಶ ಅದರಲ್ಲಿ ಮೂರು ನಾಲ್ಕು ಸಲವಾದರೂ ಬಂದಿರಬೇಕು. ಹೊಸ ಪದ ಒಂದೋ ಎರಡೋ, ಅವನ್ನೂ ಮೊದಲೇ ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿಬಿಡಿ. ಸಹಾಯವಿಲ್ಲದೆ ಓದಿ ಸರಾಗವಾಗಿ ಅರ್ಥಮಾಡಿಕೊಳ್ಳಲು ಸುಮಾರು 98% ಪದಗಳು ಗೊತ್ತಿರಬೇಕು ಎನ್ನುವುದು ಸಂಶೋಧಕರಾದ ಹು ಮತ್ತು ಪಾಲ್ ನೇಷನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ, ಅಂದರೆ 50ಕ್ಕೆ ಒಂದೇ ಅಪರಿಚಿತ ಪದ. ಇಲ್ಲಿ ಕೇಳುವುದು ಓದಿದಷ್ಟು ನಿಧಾನವೂ ಅಲ್ಲ, ತಿರುಗಿ ನೋಡುವಂತೆಯೂ ಇಲ್ಲ. ಪಠ್ಯ ಇನ್ನೂ ಸುಲಭವೇ ಇರಬೇಕು.

ಮೊದಲ ಓದಿಗೆ ಪೆನ್ನು ಕೆಳಗೆ. ಸಹಜ ವೇಗದಲ್ಲಿ ಓದಿ. ಎರಡನೆಯ ಓದಿಗೆ ಪೆನ್ನು ಕೈಗೆ. ವಾಕ್ಯ ಮುಗಿದಾಗ ಐದು ಸೆಕೆಂಡು ನಿಲ್ಲಿ, ಪದಪದಕ್ಕೆ ನಿಲ್ಲಬೇಡಿ. ಮುಖ್ಯ ಪದ ಮಾತ್ರ ಗುರುತುಹಾಕಿಕೊಳ್ಳಲಿ. ಆಮೇಲೆ ಮೂವರ ಗುಂಪು, ಒಂದೇ ಹಾಳೆ, 12–15 ನಿಮಿಷ. ಕೊನೆಗೆ ಎರಡು ಗುಂಪಿನ ಬರಹವನ್ನು ಬೋರ್ಡಿಗೆ ತಂದು ಹೋಲಿಕೆ. ಎಲ್ಲ ಸೇರಿ 40 ನಿಮಿಷ.

ಒಂದು ವಾಕ್ಯವನ್ನೇ ಹತ್ತಿರದಿಂದ ನೋಡೋಣ. ಜರ್ಮನ್‌ನಲ್ಲಿ ‘ಗೆಸ್ಟರ್ನ್ ಬಿನ್ ಇಶ್ ಮಿಟ್ ಡೆಮ್ ಬುಸ್ ಗೆಫಾರೆನ್’, ನಿನ್ನೆ ಬಸ್ಸಿನಲ್ಲಿ ಹೋದೆ. ಮಕ್ಕಳ ಹಾಳೆಯಲ್ಲಿ ಉಳಿಯುವುದು ಸಾಮಾನ್ಯವಾಗಿ ಮೂರು ಪದ: ಗೆಸ್ಟರ್ನ್, ಬುಸ್, ಗೆಫಾರೆನ್. ಒತ್ತು ಬೀಳುವ ಪದಗಳು ಬಲೆಗೆ ಬೀಳುತ್ತವೆ, ಬಿನ್, ಡೆಮ್‌ನಂಥ ಚಿಕ್ಕವು ನುಸುಳಿಹೋಗುತ್ತವೆ. ಆಮೇಲೆ ಗುಂಪು ‘ಗೆಸ್ಟರ್ನ್ ಇಶ್ ಹಾಬೆ ಮಿಟ್ ಬುಸ್ ಗೆಫಾರೆನ್’ ಎಂದು ಕಟ್ಟುತ್ತದೆ. ಮೂರು ತಪ್ಪು, ಮೂರಕ್ಕೂ ಕಾರಣವಿದೆ. ಕ್ರಿಯೆ ಎರಡನೆಯ ಸ್ಥಾನದಲ್ಲಿ ನಿಲ್ಲಬೇಕೆಂಬುದು ಮರೆತಿದೆ. ಹೋಗು, ಬಾ ಮುಂತಾದ ಚಲನೆಯ ಕ್ರಿಯೆಗೆ ಹಾಬೆ ಬದಲು ಬಿನ್ ಸಹಾಯಕ ಕ್ರಿಯೆಯಾಗಿ ಬರಬೇಕೆಂಬುದು ಇನ್ನೂ ಕೈಗೆ ಹತ್ತಿಲ್ಲ. ಡೆಮ್ ಎಂಬ ಆರ್ಟಿಕಲ್ (ಇಂಗ್ಲಿಷಿನ ‘ದಿ’ಯಂಥದು) ಅಂತೂ ಕಿವಿಗೇ ಬಿದ್ದಿಲ್ಲ, ಏಕೆಂದರೆ ‘ಬಸ್ಸಿನಲ್ಲಿ’ ಎನ್ನುವಾಗ ಕನ್ನಡ ಆ ಕೆಲಸವನ್ನೆಲ್ಲ ಪ್ರತ್ಯಯಕ್ಕೆ ವಹಿಸಿದೆ, ಆರ್ಟಿಕಲ್ ಎಂಬುದೇ ಇಲ್ಲಿಲ್ಲ. ಇಷ್ಟನ್ನು ಯಾವ ಪರೀಕ್ಷೆಯೂ ಇಷ್ಟು ಬೇಗ ತೋರಿಸಿಕೊಡುವುದಿಲ್ಲ.

ಹಾಳಾಗುವುದು ಹೇಗೆ? ಮೇಷ್ಟ್ರ ಕರುಣೆಯಿಂದ. ಮಕ್ಕಳ ಮುಖ ನೋಡಿ ಓದು ನಿಧಾನವಾಗುತ್ತದೆ, ಮೂರನೆಯ ಸಲ, ನಾಲ್ಕನೆಯ ಸಲ ಓದುತ್ತಾರೆ. ಎಲ್ಲ ಪದವೂ ಸಿಕ್ಕಿಬಿಟ್ಟರೆ ಕಟ್ಟುವುದಕ್ಕೆ ಏನೂ ಉಳಿಯುವುದಿಲ್ಲ, ಅದು ಹಳೆಯ ಉಕ್ತಲೇಖನ ಅಷ್ಟೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಏನೂ ಸಿಗದಿದ್ದರೆ ತಪ್ಪು ಪಠ್ಯದ್ದು, ಮುಂದಿನ ಸಲ ಚಿಕ್ಕದು ಆರಿಸಿ. ಓದು ತನಗೆ ತಾನೇ ನಿಧಾನವಾಗುವ ಅಭ್ಯಾಸವಿದ್ದರೆ ಮೊದಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಯಂತ್ರಕ್ಕೆ ಕರುಣೆ ಇಲ್ಲ. ಇನ್ನೊಂದು ತೊಂದರೆ, ಜಾಣರೊಬ್ಬರು ಪೆನ್ನು ಹಿಡಿದು ಎಲ್ಲ ಬರೆದುಬಿಡುವುದು. ಪೆನ್ನು ಗುಂಪಿನಲ್ಲಿ ಹಿಂದೆ ಬಿದ್ದವರ ಕೈಗೆ ಕೊಡಿ, ಜಾಣರು ಬಾಯಲ್ಲೇ ಹೇಳಿ ಬರೆಸಬೇಕು. ತಿದ್ದುವಾಗ ಮೂಲದ ಪಕ್ಕ ಇಟ್ಟು ಪದಕ್ಕೆ ಪದ ಹೊಂದಿಸಬೇಡಿ. ‘ಇಶ್ ಬಿನ್ ಗೆಸ್ಟರ್ನ್ ಮಿಟ್ ಡೆಮ್ ಬುಸ್ ಗೆಫಾರೆನ್’ ಎಂದು ಬರೆದಿದ್ದರೆ ಕ್ರಮ ಬೇರೆ, ಆದರೆ ಅದೂ ಸರಿಯಾದ ಜರ್ಮನ್ನೇ.

ಓಡಿ ಬರೆಸುವುದು ಇದರ ಚಿಕ್ಕ ತಮ್ಮ. ಪಠ್ಯ ಗೋಡೆಗೆ ಅಂಟಿರುತ್ತದೆ, ಒಬ್ಬರು ಹೋಗಿ ಓದಿ, ನೆನಪಿಟ್ಟುಕೊಂಡು ಬಂದು ಹೇಳುತ್ತಾರೆ, ಜೊತೆಗಾರರು ಬರೆಯುತ್ತಾರೆ, ಅರ್ಧದಲ್ಲಿ ಅದಲುಬದಲು. 40 ಜನ ಇದ್ದರೆ 20 ಓಟಗಾರರು, ಹಾಗಾಗಿ ಐದು ಕಡೆ ಪ್ರತಿ ಅಂಟಿಸಿ. ಒಂದೇ ಪ್ರತಿ ಹಾಕಿದರೆ ಅದು ತಳ್ಳಾಟದ ಪಾಠ. ಅಕ್ಷರ 14 ಪಾಯಿಂಟ್ ಮೀರದಿರಲಿ, ಕೂತಲ್ಲಿಂದಲೇ ಓದುವಂತಿದ್ದರೆ ಯಾರೂ ಏಳುವುದಿಲ್ಲ. ಫೋನುಗಳು ಮೇಷ್ಟ್ರ ಮೇಜಿನ ಮೇಲೆ. ‘ಇನ್ನೊಮ್ಮೆ ಹೇಳು’, ‘ಅಕ್ಷರ ಬಿಡಿಸಿ ಹೇಳು’, ‘ಪೂರ್ಣವಿರಾಮ’ ಇವನ್ನು ಕಲಿಯುವ ಭಾಷೆಯಲ್ಲಿ ಮೊದಲೇ ಬೋರ್ಡಿನ ಮೇಲೆ ಬರೆದಿಡಿ. ಇಲ್ಲದಿದ್ದರೆ ಈ ಮೂರೂ ತಾಯ್ನುಡಿಯಲ್ಲೇ ಬರುತ್ತವೆ.

ನಾಲ್ಕು, ಮೂರು, ಎರಡು

ಮಾತು ಸರಾಗವಾಗಲು 4/3/2 ಎಂಬ ಅಭ್ಯಾಸವನ್ನು ಮೀರಿಸುವುದು ಕಷ್ಟ. ಕೀತ್ ಮಾರಿಸ್ 1983ರಲ್ಲಿ ಇದನ್ನು ವಿವರಿಸಿದರು, ಆಮೇಲೆ ಪಾಲ್ ನೇಷನ್ ಬಳಕೆಗೆ ತಂದರು. ಎರಡು ಸಾಲು ಎದುರುಬದುರು ನಿಲ್ಲಲಿ. ಒಂದು ಸಾಲಿನವರು ಒಂದು ವಿಷಯದ ಮೇಲೆ ನಾಲ್ಕು ನಿಮಿಷ ಮಾತಾಡುತ್ತಾರೆ. ಕೇಳುವ ಸಾಲು ಒಂದು ಹೆಜ್ಜೆ ಸರಿಯುತ್ತದೆ. ಹೊಸ ಕೇಳುಗರಿಗೆ ಅದೇ ವಿಷಯ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ. ವಿಷಯ ಬದಲಾಗುವುದಿಲ್ಲ, ಹಾಗಾಗಿ ಏನು ಹೇಳಲಿ ಎಂದು ತಡಕಾಡುವ ಕೆಲಸ ಎರಡನೆಯ ಸುತ್ತಿಗೆ ಇಳಿದುಹೋಗುತ್ತದೆ. ಕೇಳುಗರು ಹೊಸಬರು, ಹಾಗಾಗಿ ಹೇಳಿದ್ದನ್ನೇ ಹೇಳಲು ನಾಚಿಕೆಯೂ ಇಲ್ಲ.

ಹೊಸದಾಗಿ ಕಲಿಯುವವರಿಗೆ ನಾಲ್ಕು ನಿಮಿಷ ಅಂದರೆ ಶಿಕ್ಷೆ. ಅವರಿಗೆ 90, 60, 45 ಸೆಕೆಂಡು ಸಾಕು. ತಯಾರಿಗೆ ಎರಡು ನಿಮಿಷ ಕೊಡಿ, ಬರೆದುಕೊಳ್ಳಲು ಐದು ಪದ ಮಾತ್ರ. ವಾಕ್ಯ ಬರೆದುಕೊಂಡವರು ಮಾತಾಡುವುದಿಲ್ಲ, ಓದುತ್ತಾರೆ. ಇದರ ನಿಜವಾದ ದೋಷ ಬೇರೆಯೇ ಇದೆ: ಮೊದಲ ಸುತ್ತಿನ ತಪ್ಪು ಮೂರನೆಯ ಸುತ್ತಿನಲ್ಲೂ ಹಾಗೇ ಬರುತ್ತದೆ, ಇನ್ನೂ ಜೋರಾಗಿ. ಅದಕ್ಕೇ ಮೊದಲ ಸುತ್ತು ಮುಗಿದಕೂಡಲೇ ಎರಡು ನಿಮಿಷ ನಿಲ್ಲಿಸಿ, ಕೇಳಿಸಿಕೊಂಡ ತಪ್ಪುಗಳಲ್ಲಿ ಎರಡನ್ನು ಮಾತ್ರ ಬೋರ್ಡಿನ ಮೇಲೆ ಸರಿಮಾಡಿಸಿ, ಮುಂದಿನ ಸುತ್ತಿಗೆ ಬಿಡಿ. ಎಂಟು ತಪ್ಪು ತಿದ್ದಿದರೆ ಒಂದೂ ನಿಲ್ಲದು.

ಕಾರ್ಡು, ಕತ್ತರಿ, ಲೈಸೆನ್ಸು

ಎ4 ಹಾಳೆಯನ್ನು ಮೂರು ಸಲ ಅರ್ಧರ್ಧ ಮಡಿಸಿದರೆ 74×105 ಮಿ.ಮೀ.ಯ ಎಂಟು ತುಂಡು, ಕೈಗೆ ಹಿತವಾದ ಕಾರ್ಡು. ಕಾಗದ 200 ಜಿಎಸ್‌ಎಂಗೆ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಕಡಿಮೆಯಿದ್ದರೆ ಬೆಳಕಿಗೆ ಹಿಡಿದಾಗ ಹಿಂದಿನ ಬರಹ ಕಾಣುತ್ತದೆ, ಆಟ ಮುಗಿದಂತೆ. ಲ್ಯಾಮಿನೇಟ್ ಮಾಡಿಸುವುದಾದರೆ ಮೊದಲು ಕಾರ್ಡು ಕತ್ತರಿಸಿ, ಆಮೇಲೆ ಮಾಡಿಸಿ, ಸುತ್ತ ಮೂರು ಮಿ.ಮೀ. ಅಂಚು ಬಿಟ್ಟು ಪ್ಲಾಸ್ಟಿಕ್ ಕತ್ತರಿಸಿ. ಇಡೀ ಹಾಳೆ ಮಾಡಿಸಿ ಕಾರ್ಡಿನ ಅಂಚಿಗೇ ಕತ್ತರಿ ಹಾಕಿದರೆ ಕೆಲವೇ ದಿನದಲ್ಲಿ ಪದರ ಬಿಡುತ್ತದೆ. ಪ್ರತಿ ಸೆಟ್ಟಿನ ಹಿಂದೆ ಬೇರೆ ಬೇರೆ ಬಣ್ಣದ ಚುಕ್ಕೆ ಇಡುವುದನ್ನು ಮಾತ್ರ ಮರೆಯಬೇಡಿ. ಹತ್ತು ಸೆಟ್ಟುಗಳ 80 ಕಾರ್ಡು ನೆಲದ ಮೇಲೆ ಬಿದ್ದಾಗ ಈ ಚುಕ್ಕೆಯ ಬೆಲೆ ಗೊತ್ತಾಗುತ್ತದೆ.

ಪದದ ಕಾರ್ಡಿನಲ್ಲಿ ಒಂಟಿ ಪದ ಬರೆಯಬೇಡಿ. ಜರ್ಮನ್‌ನಲ್ಲಿ ಟಿಶ್ (ಮೇಜು) ಅಲ್ಲ, ಡೆರ್ ಟಿಶ್, ಪದದ ಲಿಂಗ ಹೇಳುವುದು ಆ ಡೆರ್. ಲಿಂಗವನ್ನು ಆಮೇಲೆ ಸೇರಿಸಿ ಕಲಿಯುವುದು ಎರಡು ಪಟ್ಟು ಕೆಲಸ. ಕಲಿತ ಪದವನ್ನು ಮತ್ತೆ ಮತ್ತೆ ನೆನಪಿಸಿಕೊಳ್ಳಲು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಸೂಚಿಸಿದ ಐದು ಖಾನೆಯ ಪೆಟ್ಟಿಗೆ ಇಂದಿಗೂ ಸಾಕು: ಸರಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಿದರೆ ಮೊದಲನೆಯದಕ್ಕೆ. ಆಂಕಿ ಎಂಬ ಕಾರ್ಡು ಆ್ಯಪ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಲೆಕ್ಕ ಮಾತ್ರ ಸೂಕ್ಷ್ಮ.

ಸಾಮಗ್ರಿ ಹುಡುಕುವಾಗ, ಉಚ್ಚಾರ ಕೇಳಲು ಫೋರ್ವೊ ಜಾಲತಾಣ ಒಳ್ಳೆಯದು. ಉದಾಹರಣೆ ವಾಕ್ಯಕ್ಕೆ ಟಾಟೊಯೆಬಾ ಜಾಲತಾಣ ಇದೆ, ಆದರೆ ಅಲ್ಲಿ ಯಾರು ಬೇಕಾದರೂ ವಾಕ್ಯ ಸೇರಿಸಬಹುದು, ಬರೆದವರು ಆ ಭಾಷೆಯವರೇ ಎಂದು ನೋಡಿಕೊಂಡು ಆರಿಸಿ. ಲಿಬ್ರಿವಾಕ್ಸ್‌ನ ಧ್ವನಿಪುಸ್ತಕಗಳು ಹಕ್ಕುಮುಕ್ತ, ಹಾಗಾಗಿಯೇ ಭಾಷೆ ಹೆಚ್ಚಾಗಿ ಹಳೆಯದು, ಮೊದಲ ವರ್ಷಕ್ಕೆ ಬೇಡ. ಕ್ರಿಯೇಟಿವ್ ಕಾಮನ್ಸ್ (ಇತರರು ಬಳಸಲು ಮೊದಲೇ ಅನುಮತಿ ಕೊಡುವ ಲೈಸೆನ್ಸು) ಗುರುತಿನಲ್ಲಿ ‘ಎನ್‌ಡಿ’ ಇದ್ದರೆ ಬದಲಿಸಿದ ರೂಪವನ್ನು ಹಂಚುವಂತಿಲ್ಲ. ಆ ಪಠ್ಯದಿಂದ ಪದ ತೆಗೆದು ಬಿಟ್ಟಸ್ಥಳ ಮಾಡಿ ಇಂಟರ್ನೆಟ್ಟಿಗೆ ಹಾಕುವುದೂ ಅದರಲ್ಲೇ ಬರುತ್ತದೆ.

ಇವೆಲ್ಲಕ್ಕಿಂತ ಕೈಗೆಟುಕುವ ಸಾಮಗ್ರಿ, ಆ ಭಾಷೆಯ ನಾಡಿನ ನಿಜವಾದ ರೈಲು ವೇಳಾಪಟ್ಟಿ. 12 ಮನೆಗಳ (ಪಟ್ಟಿಯ ಚೌಕಗಳ) ಒಂದು ತುಂಡು ಆರಿಸಿ, ‘ಎ’ ಹಾಳೆಯಲ್ಲಿ ಆರು ಮನೆ ಖಾಲಿ ಬಿಡಿ, ‘ಬಿ’ಯಲ್ಲಿ ಉಳಿದ ಆರು. ಹೊರಡುವ ಹೊತ್ತು, ಪ್ಲಾಟ್‌ಫಾರಂ ಸಂಖ್ಯೆ ಕೇಳಿ ತುಂಬಬೇಕು. ಪಠ್ಯ ಕಷ್ಟದ್ದಾದರೂ ಕೇಳುವ ಪ್ರಶ್ನೆ ಸುಲಭ.

ಹಾಳೆ ಹಂಚುವುದು ಯಾವತ್ತೂ ಕೊನೆಗೆ. ಕೈಗೆ ಕಾಗದ ಬಂದಮೇಲೆ ಯಾರೂ ಮೇಷ್ಟ್ರ ಮಾತು ಕೇಳುವುದಿಲ್ಲ. ಮೊದಲು ಒಬ್ಬ ವಿದ್ಯಾರ್ಥಿಯನ್ನು ಮುಂದೆ ಕರೆದು ಒಂದು ಪ್ರಶ್ನೆ–ಉತ್ತರ ಆಡಿ ತೋರಿಸಿ. ‘ಅರ್ಥವಾಯಿತೇ?’ ಎಂದು ಕೇಳಿದರೆ ಹೂಂ ಎಂದೇ ಉತ್ತರ ಬರುವುದು, ಅದರ ಬದಲು ‘ನಿನ್ನ ಹಾಳೆಯನ್ನು ಜೊತೆಗಾರರಿಗೆ ತೋರಿಸಬಹುದೇ?’ ‘ಎಷ್ಟು ವ್ಯತ್ಯಾಸ ಹುಡುಕಬೇಕು?’ ಎಂದು ಕೇಳಿ. ಚಟುವಟಿಕೆ ನಡೆಯುವಾಗ ಒಂದು ಚೀಟಿ ಹಿಡಿದು ಓಡಾಡಿ, ಕಿವಿಗೆ ಬಿದ್ದದ್ದನ್ನು ಬರೆದುಕೊಳ್ಳಿ. ಕೊನೆಯ ಐದು ನಿಮಿಷ ಆರು ವಾಕ್ಯ ಬೋರ್ಡಿಗೆ, ನಾಲ್ಕು ತಪ್ಪಿದ್ದು, ಎರಡು ಚೆನ್ನಾಗಿ ಬಂದದ್ದು, ಯಾರದೆಂದು ಹೇಳದೆ. ಯಾವುದು ಸರಿ, ಯಾವುದು ತಪ್ಪು ಎಂದು ಅವರೇ ಜೋಡಿಯಲ್ಲಿ ವಾದ ಮಾಡಲಿ, ಗಂಟೆ ಹೊಡೆಯುವವರೆಗೆ.