ಜುಲೈ ತಿಂಗಳಲ್ಲಿ ಕಾರವಾರದಲ್ಲಿ ಕಬ್ಬಿಣ ಒಣಗಿಸೋದು

ನಾನು ಕೆಲಸ ಮಾಡೋದು ಕಾರವಾರದ ಹತ್ರ ಒಂದು ಸಣ್ಣ ಪೌಡರ್ ಕೋಟಿಂಗ್ ಯುನಿಟ್ಟಲ್ಲಿ, ಅಂದ್ರೆ ಕಬ್ಬಿಣದ ಮಾಲಿಗೆ ಪೇಂಟಿನ ಪುಡಿ ಹಚ್ಚಿ ಓವನ್ನಲ್ಲಿ ಬೇಯಿಸೋ ಜಾಗದಲ್ಲಿ. ಗೇಟಿನ ಪಟ್ಟಿ, ಬ್ರಾಕೆಟ್ಟು, ಶಿರಸಿ ಸಿದ್ದಾಪುರ ಕಡೆಯಿಂದ ಅಡಿಕೆ ಸುಲಿಯೋ ಮಷಿನ್ನಿನ ಕವರು, ಎಲ್ಲ ಬರ್ತದೆ. ಕನ್ವೇಯರ್ ಚೈನಿಗೆ ಹುಕ್ಕಲ್ಲಿ ನೇತು ಹಾಕಿದ್ರೆ ತೊಳೆಯೋದು, ಫಾಸ್ಫೇಟು (ಪೇಂಟ್ ಚೆನ್ನಾಗಿ ಹಿಡಿಯೋಕೆ ಕೊಡೋ ರಾಸಾಯನಿಕ ಪದರ), ಮತ್ತೆ ತೊಳೆಯೋದು, ಒಣಗಿಸೋದು, ಪೌಡರು, ಓವನ್ನು, ಥಂಡಿ ಮಾಡೋದು, ಇಳಿಸೋದು. ನೋಡೋಕೆ ಬಂದವರೆಲ್ಲ ಪೌಡರ್ ಗನ್ನಿನ ಬಗ್ಗೆ, ಓವನ್ನಿನ ಬಗ್ಗೆ ಕೇಳ್ತಾರೆ, ಒಣಗಿಸೋ ಜಾಗ ಎಲ್ಲಿ ಅಂತ ಯಾರೂ ಕೇಳೋದಿಲ್ಲ. ಆದ್ರೆ ನಮ್ಮ ಕರಾವಳಿಯಲ್ಲಿ ಮಾಲು ಕೆಡೋದೇ ಅಲ್ಲಿ, ಅದು ಬಿಟ್ರೆ ಕೊನೆಗೆ ಥಂಡಿ ಮಾಡೋ ಜಾಗದಲ್ಲಿ, ಮತ್ತು ಈ ಎರಡನ್ನೂ ಬೇರೆ ಬೇರೆ ಅಂತ ತಿಳ್ಕೊಂಡ್ರೆ ಎರಡೂ ಸರಿ ಆಗೋದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊದ್ಲು ಗಾಳಿ ವಿಷಯ. 27 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಹೆಚ್ಚಂದ್ರೆ ಸುಮಾರು 26 ಗ್ರಾಂ ನೀರಿನ ಆವಿ ಹಿಡಿತದೆ. ಜಡಿಮಳೆ ದಿನ ತೇವಾಂಶ ನೂರಕ್ಕೆ 90 ಇದ್ರೆ ಅದ್ರಲ್ಲಿ 23 ಗ್ರಾಂ ಆಗ್ಲೇ ತುಂಬಿರ್ತದೆ, ಅಂದ್ರೆ ನಮ್ಮ ಮಾಲಿನ ನೀರು ಕುಡಿಯೋಕೆ ಆ ಗಾಳಿಯಲ್ಲಿ ಜಾಗನೇ ಇಲ್ಲ. ಆಷಾಢದಲ್ಲಿ ಮನೆಯೊಳಗೆ ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನ ಆದ್ರೂ ಹಸಿ ಇರ್ತದಲ್ಲ, ಹಾಗೇ. ಬಟ್ಟೆಯಾದ್ರೆ ವಾಸನೆ ಬರ್ತದೆ ಅಷ್ಟೇ, ತೊಳೆದ ಬರೀ ಕಬ್ಬಿಣಕ್ಕೆ ಸ್ವಲ್ಪ ಹೊತ್ತಲ್ಲೇ ಹಳದಿ ತುಕ್ಕು ಏಳ್ತದೆ. ಮೇಲಿಂದ ಸಮುದ್ರದ ಉಪ್ಪು. ತೇವಾಂಶ ನೂರಕ್ಕೆ 75 ದಾಟಿದ್ರೆ ಅಡಿಗೆ ಉಪ್ಪು ತಾನೇ ಗಾಳಿಯಿಂದ ನೀರು ಎಳ್ಕೊಂಡು ಕರಗ್ತದೆ, ಸಮುದ್ರದ ಉಪ್ಪಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇರೋದ್ರಿಂದ ಅದು ಇನ್ನೂ ಕಡಿಮೆ ತೇವಕ್ಕೇ ಎಳೀತದೆ. ಹಾಗಾಗಿ ಕೊನೇ ತೊಳೆಯೋ ನೀರು ಆರ್‌ಓ ಅಥವಾ ಡಿಎಂ ನೀರೇ, ಅಂದ್ರೆ ಉಪ್ಪು ತೆಗೆದ ನೀರೇ ಆಗ್ಬೇಕು, ಸಮುದ್ರದ ಬದಿಯ ಬೋರ್ ನೀರಲ್ಲಿ ಕೊನೇ ಸಲ ತೊಳೆದ್ರೆ ನೀವೇ ಕೈಯಾರೆ ಉಪ್ಪು ಹಚ್ಚಿ ಕಳ್ಸಿದ ಹಾಗೆ.

ಒಣಗಿಸೋಕೆ ಹೆಚ್ಚಿನವರು ಮಾಡೋದು ಏನಂದ್ರೆ ಕಂಪ್ರೆಸರ್ ಲೈನಿಂದ ಒಂದು ಪೈಪು ತಂದು ಅದಕ್ಕೆ ಸಾಲಾಗಿ ತೂತು ಹೊಡೆದು ಚೈನಿನ ಪಕ್ಕ ನಿಲ್ಲಿಸೋದು. ಖರ್ಚಿಲ್ಲ ಅಂತ ಕಾಣ್ತದೆ, ಆದ್ರೆ 7 ಬಾರ್ ಒತ್ತಡದ ಗಾಳಿ 100 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ) ಬೇಕಂದ್ರೆ ಹತ್ರಹತ್ರ 18ರಿಂದ 20 ಕಿಲೋವ್ಯಾಟ್ ಕರೆಂಟು ಹೋಗ್ತದೆ. ಅದಕ್ಕಿಂತ ದೊಡ್ಡ ತೊಂದ್ರೆ ನೀರಿಂದು. ಎಂಟು ಘನ ಮೀಟರ್ ಗಾಳಿಯನ್ನ ಒಂದಕ್ಕೆ ಒತ್ತಿದಾಗ ಎಂಟರ ತೇವನೂ ಅದ್ರೊಳಗೇ ಬರ್ತದೆ, ಅಂದ್ರೆ 180 ಗ್ರಾಂ ಹತ್ರ, ಗಾಳಿ ಆರಿ 27ಕ್ಕೆ ಬಂದ್ರೆ ಹಿಡಿಯೋದು 26 ಗ್ರಾಂ ಮಾತ್ರ, ಉಳಿದ 150 ಗ್ರಾಂ ಪೈಪಲ್ಲಿ ನೀರಾಗಿ ಇಳೀತದೆ. ಡ್ರೈಯರ್ ಇಲ್ಲದೆ, ಡ್ರೇನ್ ತೆಗೆಯದೆ ಬಿಟ್ರೆ ಆ ನೀರು ಕಂಪ್ರೆಸರಿನ ಎಣ್ಣೆ ಜೊತೆ ಸೀದಾ ತೊಳೆದ ಮಾಲಿನ ಮೇಲೆ ಉಗುಳ್ತದೆ, ಆಮೇಲೆ ಅಲ್ಲಿ ಪೌಡರ್ ಹಿಡಿಯೋದಿಲ್ಲ, ಕುಳಿ ಕುಳಿ ಬೀಳ್ತದೆ. ಸದ್ದು ಬೇರೆ. ತೆರೆದ ತೂತಿನ ಪೈಪಿನ ಪಕ್ಕ ಎಂಟು ಗಂಟೆ ನಿಲ್ಲೋ ಹುಡುಗರ ಕಿವಿ ಬಗ್ಗೆ ನಂಗೆ ನಿಜವಾಗ್ಲೂ ಸಂಕಟ ಆಗ್ತದೆ, ಎಂಟು ಗಂಟೆಗೆ 90 ಡೆಸಿಬಲ್ ಮಿತಿ ಇರೋದು ಸುಮ್ನೆ ಅಲ್ಲ.

ಬ್ಲೋವರ್ (ಕಡಿಮೆ ಒತ್ತಡದಲ್ಲಿ ಗಾಳಿ ಊದೋ ಮಷಿನ್ನು) ಮತ್ತು ಅದಕ್ಕೆ ಜೋಡಿಸೋ ಏರ್ ನೈಫು (ಉದ್ದ ಸೀಳಿನ ಗಾಳಿ ಬಾಯಿ) ಇದ್ಕಿಂತ ಎಷ್ಟೋ ಮೇಲು. ಒತ್ತಡ 0.1ರಿಂದ 0.2 ಬಾರ್ ಇದ್ರೆ ಸಾಕು, ಸಣ್ಣ ಸೀಳಿಂದ ಗಾಳಿ ಹಾಳೆ ಥರ ಹೊರಗೆ ಬರ್ತದೆ, ನೀರನ್ನ ಒರೆಸಿ ಎಸೀತದೆ. ಈ ಎಸೆಯೋದೇ ಮುಖ್ಯ. ಒಂದು ಲೀಟರ್ ನೀರು ಆವಿ ಮಾಡೋಕೆ ಸುಮಾರು 0.67 ಯುನಿಟ್ ಕರೆಂಟಿನಷ್ಟು ಬಿಸಿ ಬೇಕು, ತಳ್ಳಿ ಬೀಳಿಸೋಕೆ ಅಷ್ಟು ಬೇಕಾಗಿಲ್ಲ. ನಮ್ಮಲ್ಲಿ ಮೆಂಟೆನೆನ್ಸ್ ನೋಡೋ ಅಣ್ಣ ಒಬ್ರು ಯಾವಾಗ್ಲೂ ಹೇಳ್ತಾರೆ, "ತಮ್ಮಾ, ಗಾಳಿ ಜಾಸ್ತಿ ಮಾಡ್ಬೇಡ, ಬಾಯಿ ಹತ್ರ ತಾ". ಅದು ಖರೆ. ನೈಫಿನ ಬಾಯಿ ಮಾಲಿಗೆ 50ರಿಂದ 75 ಮಿಲಿಮೀಟರ್ ದೂರ ಇರ್ಬೇಕು, ಚೈನು ಬರೋ ದಿಕ್ಕಿಗೆ ಎದುರಾಗಿ ಸ್ವಲ್ಪ ವಾರೆ ಇರ್ಬೇಕು, ಆಗ ನೀರು ಬಂದ ದಾರಿಗೇ ವಾಪಸ್ ಹೋಗ್ತದೆ. ಒಂದೇ ಹುಕ್ಕಿನ ಸಾಲಲ್ಲಿ ದಪ್ಪ ಸಣ್ಣ ಎಲ್ಲ ಕಲಸಿ ಹಾಕಿದ್ರೆ ಈ ದೂರ ಸಿಗೋದೇ ಇಲ್ಲ.

ಇನ್ನೊಂದು ವಿಷಯ ನಂಗೆ ತುಂಬಾ ಇಷ್ಟ. ಬ್ಲೋವರ್ ಗಾಳಿಯನ್ನ ಒತ್ತುವಾಗ ಗಾಳಿ ತಾನಾಗೇ 15ರಿಂದ 20 ಡಿಗ್ರಿ ಬಿಸಿ ಆಗ್ತದೆ. 28 ಡಿಗ್ರಿ, ನೂರಕ್ಕೆ 90 ತೇವದ ಗಾಳಿ 43 ಡಿಗ್ರಿಗೆ ಏರಿದ್ರೆ ಅದ್ರ ತೇವಾಂಶ 40ರ ಆಸುಪಾಸಿಗೆ ಇಳೀತದೆ. ನೀರೇನೂ ಕಡಿಮೆ ಆಗ್ಲಿಲ್ಲ, ಹಿಡಿಯೋ ಶಕ್ತಿ ಜಾಸ್ತಿ ಆಯ್ತು. ಹೀಟರಿಗೆ ಬೇರೆ ದುಡ್ಡು ಕೊಡದೆ ಸಿಗೋ ಬಿಸಿ ಇದು, ಮಳೆಗಾಲದ ಕರಾವಳಿಗೆ ಇದ್ಕಿಂತ ಬೇರೆ ಏನು ಬೇಕು!

ಜೊತೆಗೆ ಮಾಲಲ್ಲಿರೋ ಬಿಸಿಯನ್ನೂ ಬಳಸ್ಕೊಳ್ಳಿ. ಕೊನೇ ತೊಳೆಯೋದು 60 ಡಿಗ್ರಿ ನೀರಲ್ಲಿ ಮಾಡಿದ್ರೆ ಒಂದು ಕೆಜಿ ಕಬ್ಬಿಣ 35ಕ್ಕೆ ಇಳಿಯೋ ಹೊತ್ತಿಗೆ ಬಿಡೋ ಬಿಸಿಯಲ್ಲಿ ಹೆಚ್ಚಂದ್ರೆ 5 ಗ್ರಾಂ ನೀರು ಆವಿ ಆಗ್ತದೆ. ತೊಟ್ಟಿಕ್ಕೋ ಮಾಲಿಗೆ ಅದು ಸಾಲೋದಿಲ್ಲ, ಆದ್ರೆ ನೈಫ್ ಒರೆಸಿದ ಮೇಲೆ ಉಳಿಯೋ ತೆಳು ಪದರಕ್ಕೆ ಧಾರಾಳ. ಹಾಗಾಗಿ ನೈಫು ತೊಳೆದ ಕೂಡ್ಲೇ, ಮಾಲು ಬಿಸಿ ಇರುವಾಗ್ಲೇ ಇರ್ಬೇಕು.

ಓವನ್ ಆದ್ಮೇಲೆ ಥಂಡಿ ಮಾಡೋ ಕಡೆನೂ ಅದೇ ಗಾಳಿ, ಬಿಸಿ, ತೇವದ ಲೆಕ್ಕ, ಆದ್ರೆ ಉಲ್ಟಾ. ಅಲ್ಲಿ ಈ ಬಿಸಿ ಗಾಳಿ ಬೇಡ, ದೊಡ್ಡ ಆಕ್ಸಿಯಲ್ ಫ್ಯಾನು ಸಾಕು, ಒತ್ತಡ ಕಡಿಮೆ ಇರ್ಲಿ ಗಾಳಿ ರಾಶಿ ಬರ್ಲಿ. 180 ಡಿಗ್ರಿಗೆ ಹೊರಗೆ ಬಂದ ಮಾಲು 30 ಡಿಗ್ರಿ ಶೆಡ್ಡಲ್ಲಿ 105ಕ್ಕೆ ಇಳಿಯೋಕೆ ಎಷ್ಟು ಹೊತ್ತೋ, 105ರಿಂದ 67ಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, 67ರಿಂದ 49ಕ್ಕೂ ಅಷ್ಟೇ, ಮುಟ್ಟೋ ಹಾಗೆ 40 ಆಗೋಕೆ ಮತ್ತೆ ಅಷ್ಟೇ. ದಪ್ಪ ಪ್ಲೇಟಿಗೆ ಇದೆಲ್ಲ ಇನ್ನೂ ಉದ್ದ. ಕೊನೇ ಹತ್ತು ಡಿಗ್ರಿಗೆ ಅವಸರ ಮಾಡಿ ಬಿಸಿ ಇರುವಾಗ್ಲೇ ಪ್ಲಾಸ್ಟಿಕ್ ಸುತ್ತಿದ್ರೆ ಪೇಂಟಲ್ಲಿ ಗುರುತು ಬೀಳ್ತದೆ. ಹಾಗಂತ ಎಸಿ ರೂಮಲ್ಲಿ ಇಡೋ ಉಪಾಯನೂ ಬೇಡ, ನಮ್ಮ ಜುಲೈ ಗಾಳಿಯ ಇಬ್ಬನಿ ಬಿಂದು, ಅಂದ್ರೆ ಗಾಳಿಯ ಆವಿ ನೀರಾಗೋಕೆ ಶುರುವಾಗೋ ಉಷ್ಣತೆ, 25 ಡಿಗ್ರಿ ಹತ್ರ ಇರ್ತದೆ, 22 ಡಿಗ್ರಿಗೆ ಇಳಿದ ಮಾಲು ಹೊರಗೆ ತಂದ ಕೂಡ್ಲೇ ಮೈಯೆಲ್ಲ ಬೆವರ್ತದೆ, ಆ ನೀರು ಪ್ಯಾಕಿಂಗ್ ಒಳಗೇ ಕೂತು ಹುಬ್ಬಳ್ಳಿ ಮುಟ್ಟೋ ತನಕ ಕೆಲಸ ಮಾಡ್ತದೆ. ಶೆಡ್ಡಿನ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗೆ ಇರುವಾಗ್ಲೇ ಸುತ್ತಿ ಕಟ್ಟೋದು ಸರಿ.

ಇನ್ನು ಮಾಲು ಕಳ್ಸೋರಿಗೆ, ಮುಖ್ಯವಾಗಿ ಶಿರಸಿ ಕಡೆ ಫ್ಯಾಬ್ರಿಕೇಶನ್ ಮಾಡೋ ಅಣ್ಣಂದಿರಿಗೆ ಒಂದು ವಿನಂತಿ. ಬಾಕ್ಸ್ ಪೈಪಿನ ಎರಡೂ ತುದಿ ವೆಲ್ಡ್ ಮಾಡಿ ಮುಚ್ಚಿ ನಡುವೆ ಎಲ್ಲೋ ಸಣ್ಣ ಸಂದಿ ಬಿಟ್ರೆ ತೊಳೆಯೋ ನೀರು ಒಳಗೆ ಹೋಗ್ತದೆ, ಎಂಥ ನೈಫ್ ಇದ್ರೂ ಹೊರಗೆ ಬರೋದಿಲ್ಲ, ಓವನ್ನಲ್ಲಿ ಕುದಿದು ಹೊಸ ಪೇಂಟಿನ ಮೇಲೇ ಹರೀತದೆ. ವೆಲ್ಡಿಂಗ್ ಮೊದ್ಲೇ ನೇತಾಡೋ ಕೆಳಗಿನ ಮೂಲೆಗೆ 8 ಎಂಎಂ ತೂತು ಒಂದು, ಮೇಲೆ ಗಾಳಿ ಹೋಗೋಕೆ ಇನ್ನೊಂದು ಹಾಕಿ ಕಳ್ಸಿ, ಯಾವ ಮೂಲೆ ಕೆಳಗೆ ಬರ್ತದೆ ಅಂತ ಗೊತ್ತಾಗದಿದ್ರೆ ನಮ್ಮ ಹುಕ್ ಹಾಕೋ ಹುಡುಗರ ಹತ್ರ ಮೊದ್ಲೇ ಕೇಳಿ.