ಮಡಿಕೆಯಲ್ಲಿ ಬಿರಿದ ಕೆಂಪು: ಸೀರೆ ಅಂಗಡಿಯ ಮೇಲರ್, ಎರಡನೇ ಲಾಟ್

ಸೀರೆ ಅಂಗಡಿಯೊಂದಕ್ಕೆ ಮೇಲರ್, ಅಂದರೆ ಎ4 ಹಾಳೆಯನ್ನು ಮಧ್ಯಕ್ಕೆ ಮಡಿಸಿ ಅಂಚೆಯಲ್ಲಿ ಕಳಿಸುವ ಪ್ರಚಾರ ಪತ್ರ, ಮಾಡಿಕೊಡುತ್ತಿದ್ದೆ. ಒಟ್ಟು 800 ಮೇಲರ್‌ಗಳಲ್ಲಿ ಮೊದಲ 400 ಯಾವ ತಕರಾರೂ ಇಲ್ಲದೆ ಮುಗಿದವು. ಆದರೆ ಎರಡನೇ ಲಾಟಿನಲ್ಲಿ ಮೊದಲು ಮಡಿಸಿದ 30 ಪ್ರತಿಗಳು ಒಂದೂ ಬಿಡದೆ ಮಡಿಕೆಯ ಗೆರೆಯುದ್ದಕ್ಕೂ ಬಿರಿದವು. ಇಳಕಲ್ ಸೀರೆಯ ಕೆಂಪು ಸೆರಗು ಮುಂದಿನ ಪುಟದಿಂದ ಹಿಂದಿನ ಪುಟಕ್ಕೆ ಹಾಯುವ ಜಾಗದಲ್ಲೇ ಮಡಿಕೆ ಬರುತ್ತದೆ. ಅಲ್ಲಿ ಟೋನರ್ (ಡಿಜಿಟಲ್ ಪ್ರೆಸ್ಸಿನ ಪುಡಿ ಬಣ್ಣ) ಒಡೆದು ಒಳಗಿನ ಬಿಳಿ ನಾರು ಇಣುಕಿದಾಗ, ಸೆರಗಿಗೆ ಯಾರೋ ಬ್ಲೇಡು ಎಳೆದಂತೆ ಕಾಣುತ್ತಿತ್ತು. ಅಂಗಡಿ ನಡೆಸುವ ನನ್ನ ಗೆಳತಿಗೆ ಅದನ್ನು ತೋರಿಸುವ ಧೈರ್ಯ ನನಗೆ ಬರಲಿಲ್ಲ.

ಮುದ್ರಣ, ಲ್ಯಾಮಿನೇಷನ್ (ಮೇಲೆ ಪ್ಲಾಸ್ಟಿಕ್ ಫಿಲ್ಮ್ ಅಂಟಿಸುವುದು) ಎರಡನ್ನೂ ಹೊರಗೆ ಡಿಜಿಟಲ್ ಪ್ರೆಸ್ಸಿನಲ್ಲಿ ಮಾಡಿಸಿ, ಕತ್ತರಿಸುವುದು, ಕ್ರೀಸಿಂಗ್ (ಮಡಿಸುವ ಜಾಗದಲ್ಲಿ ಗೆರೆ ಒತ್ತುವುದು) ಮತ್ತು ಮಡಿಸುವುದನ್ನು ಗದಗಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಕಾಲಿನಿಂದ ತುಳಿಯುವ ಹಳೆಯ ಟ್ರೆಡಲ್ ಮುದ್ರಣ ಯಂತ್ರದ ಮೇಲೆ ಮಾಡುತ್ತೇನೆ.  250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ಆರ್ಟ್ ಕಾರ್ಡನ್ನೇ, ಅಂದರೆ ನುಣುಪಾದ ದಪ್ಪ ಕಾಗದವನ್ನೇ, ಏಕೆ ಆರಿಸಿದೆ ಎಂಬುದನ್ನು ಹೇಳಲೇಬೇಕು, ಏಕೆಂದರೆ ಅದನ್ನು ಬದಲಿಸುವ ಅವಕಾಶ ಅಂಚೆಯ ತಕ್ಕಡಿ ನನಗೆ ಉಳಿಸಿರಲಿಲ್ಲ.

ಸಾಮಾನ್ಯ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿ, ಮುಂದಿನ ಪ್ರತಿ 20 ಗ್ರಾಂಗೆ ಮತ್ತೆ 5 ರೂಪಾಯಿ. ಎ4 ಎಂದರೆ ಚದರ ಮೀಟರಿನ ಹದಿನಾರನೇ ಒಂದು ಭಾಗವಾದ್ದರಿಂದ 300 ಜಿಎಸ್‌ಎಂ ಹಾಳೆ 18.7 ಗ್ರಾಂ ತೂಗುತ್ತದೆ. ಒಂದು ಬದಿಯ ಮ್ಯಾಟ್ ಫಿಲ್ಮ್ ನನ್ನ ತಕ್ಕಡಿಯಲ್ಲಿ 1.4 ಗ್ರಾಂ ಬಂತು. ಒಟ್ಟು 20.1 ಗ್ರಾಂ, ಅಂದರೆ ಒಂದು ಚಿಟಿಕೆ ತೂಕಕ್ಕಾಗಿ 800 ಪತ್ರಗಳಿಗೆ 4,000 ರೂಪಾಯಿ ಹೆಚ್ಚು. ಲಕೋಟೆಯನ್ನು ಆಗಲೇ ಕೈಬಿಟ್ಟಿದ್ದೆ. 250ಕ್ಕೆ ಇಳಿದರೆ ಹಾಳೆ 15.6 ಗ್ರಾಂ, ಫಿಲ್ಮ್, ವಿಳಾಸದ ಚೀಟಿ ಮತ್ತು ಮುಚ್ಚುವ ಎರಡು ದುಂಡು ಸ್ಟಿಕ್ಕರುಗಳು ಸೇರಿ 17.5 ಗ್ರಾಂ. 

ಫಿಲ್ಮ್ ಬದಲು ಯುವಿ ಕೋಟಿಂಗ್ (ಮೇಲೆ ಬಳಿದು ಅತಿನೇರಳೆ ಬೆಳಕಿನಲ್ಲಿ ಒಣಗಿಸುವ ಪದರ) ಮಾಡಿಸಿದರೆ ತೂಕವೂ ಖರ್ಚೂ ಇಳಿಯುತ್ತವೆ ಎಂದು ಪ್ರೆಸ್ಸಿನವರು ಹೇಳಿದ್ದರು. ಆದರೆ ಯುವಿ ಪದರ ಗಾಜಿನಂತೆ ಗಡುಸಾಗಿ ಒಣಗುವುದರಿಂದ ಮಡಿಕೆಯಲ್ಲಿ ಅದೇ ಮೊದಲು ಒಡೆಯುತ್ತದೆ. ಮಡಿಕೆಗೆ ಬಾಗುವುದು ಫಿಲ್ಮೇ.

ಇಷ್ಟು ಲೆಕ್ಕ ಹಾಕಿ ಮಾಡಿದ ಕೆಲಸ ಬಿರಿದಾಗ ನಾನು ಮೊದಲು ಗುಮಾನಿ ಪಟ್ಟದ್ದು ಕ್ರೀಸಿಂಗ್ ರೂಲಿನ, ಅಂದರೆ ಮಡಿಕೆಯ ಗೆರೆ ಒತ್ತುವ ಲೋಹದ ಪಟ್ಟಿಯ ಮೇಲೆ. 2 ಪಾಯಿಂಟ್ ದಪ್ಪದ ಹಳೆಯ ರೂಲ್ ತೆಗೆದು ಹೊಸದನ್ನು ಕೂರಿಸಿದೆ. ಬಿರುಕು ಹಾಗೆಯೇ ಉಳಿಯಿತು. ಕಾಗದದ ಕೆಳಗೆ ರೂಲಿಗೆ ಎದುರಾಗಿ ಕೂರುವ ಮ್ಯಾಟ್ರಿಕ್ಸ್ ಎಂಬ ಪಟ್ಟಿಯ ಕಾಲುವೆಯನ್ನು 1.0 ಮಿ.ಮೀ.ನಿಂದ 1.3 ಮಿ.ಮೀ.ಗೆ ಹಿಗ್ಗಿಸಿದಾಗ ಮಡಿಕೆ ಸಡಿಲವಾಗಿ ಎರಡು ಪುಟಗಳೂ ಅತ್ತಿತ್ತ ಜಾರತೊಡಗಿದವು, ಬಿರುಕು ಮಾತ್ರ ಹೋಗಲಿಲ್ಲ. ಒತ್ತಡ ಹೆಚ್ಚಿಸಿದರೆ ರೂಲೇ ಫಿಲ್ಮನ್ನು ಕೊಯ್ಯುತ್ತಿತ್ತು. ಕ್ರೀಸಿನ ಉಬ್ಬು ಮಡಿಕೆಯ ಒಳಬದಿಗೇ ಬರುತ್ತಿದೆಯೇ ಎಂದು ಬೆರಳಿನಿಂದ ಸವರಿ ನೋಡಿದೆ, ಸರಿಯಾಗಿಯೇ ಇತ್ತು. ಹೀಗೆ ಆರು ಸಂಜೆಗಳು ಹೋದವು.

ಏಳನೆಯ ದಿನ ಬೆಳಿಗ್ಗೆ ಶೆಡ್ಡಿನ ಮೇಜಿನ ಮೇಲೆ, ಇನ್ನೂ ಕತ್ತರಿಸದ 12×18 ಇಂಚಿನ ಹಾಳೆಗಳು ಎರಡೂ ಲಾಟಿನವು ಅಕ್ಕಪಕ್ಕದಲ್ಲಿ ಬಿದ್ದಿದ್ದವು. ರಾತ್ರಿ ಮಳೆ ಬಂದು ಗಾಳಿಯಲ್ಲಿ ತೇವವಿತ್ತು. ಒಂದೇ ಬದಿಗೆ ಫಿಲ್ಮ್ ಹಾಕಿದ ಹಾಳೆ ಇಂಥ ಹವೆಯಲ್ಲಿ ಫಿಲ್ಮಿನ ಕಡೆಗೆ ಸುರುಳುವುದು ಹೊಸದಲ್ಲ, ಏಕೆಂದರೆ ಕಾಗದ ತೇವ ಕುಡಿದು ಹಿಗ್ಗುತ್ತದೆ, ಫಿಲ್ಮ್ ಹಿಗ್ಗುವುದಿಲ್ಲ. ಆದರೆ ಮೊದಲ ಲಾಟಿನ ಹಾಳೆ ಉದ್ದಕ್ಕೆ ಸುತ್ತಿದ ಚಾಪೆಯಂತೆ 18 ಇಂಚಿನ ಅಂಚಿಗೆ ಸಮಾನಾಂತರವಾಗಿ ಸುರುಳಿತ್ತು, ಎರಡನೆಯದು ಅಡ್ಡಕ್ಕೆ, 12 ಇಂಚಿನ ಅಂಚಿಗೆ ಸಮಾನಾಂತರವಾಗಿ. ಕಾಗದ ಹಿಗ್ಗುವುದು ನಾರಿಗೆ ಅಡ್ಡಲಾಗಿ, ಸುರುಳುವುದು ನಾರಿನ ಗುಂಟ. ಅಂದರೆ ಎರಡನೇ ಲಾಟಿನ ಗ್ರೇನ್ (ಕಾಗದದ ನಾರು ಮಲಗಿರುವ ದಿಕ್ಕು) ತಿರುಗಿಬಿಟ್ಟಿತ್ತು.

ಅದೇ ಲಾಟಿನಲ್ಲಿ ಮುದ್ರಿಸದೆ ಉಳಿದಿದ್ದ ಹಾಳೆಯಿಂದ ಎರಡು ಪಟ್ಟಿಗಳನ್ನು, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಕೊಯ್ದು ತುದಿಯಲ್ಲಿ ಹಿಡಿದೆ. ಉದ್ದಕ್ಕೆ ಕೊಯ್ದದ್ದು ಬಾಡಿದ ಎಲೆಯಂತೆ ಜೋತುಬಿತ್ತು, ಅಡ್ಡಕ್ಕೆ ಕೊಯ್ದದ್ದು ನೆಟ್ಟಗೆ ನಿಂತಿತು. ನನ್ನ ಮಡಿಕೆ ನಾರುಗಳ ನಡುವೆ ಹಾಯುವ ಬದಲು ಒಂದೊಂದು ನಾರನ್ನೂ ಮುರಿಯುತ್ತಿತ್ತು. ಇಂಕಿನಂತೆ ಕಾಗದದೊಳಗೆ ಇಳಿಯದೆ ಮೇಲೆಯೇ ಪ್ಲಾಸ್ಟಿಕ್ಕಿನ ಪೊರೆಯಾಗಿ ಕೂರುವ ಟೋನರ್ ಅದರ ಜೊತೆಗೆ ಒಡೆಯುತ್ತಿತ್ತು.

ಕಾಗದದ ಅಂಗಡಿಗೆ ಫೋನು ಮಾಡಿದರೆ, ‘ಮಿಲ್ಲೂ ಅದೇ, ಜಿಎಸ್‌ಎಂ ಕೂಡ ಅದೇ’ ಎಂಬ ಉತ್ತರ ಬಂತು. ಯಾವ ಅಳತೆಯ ದೊಡ್ಡ ಹಾಳೆಯಿಂದ ಕೊಯ್ದಿರಿ ಎಂದು ಮೂರು ಸಲ ಕೇಳಿದ ಮೇಲೆ ವಿಷಯ ಹೊರಬಿತ್ತು. ಮೊದಲ ಸಲ 25×36 ಇಂಚಿನ ಹಾಳೆ, ಅದರಲ್ಲಿ 12×18ರ ನಾಲ್ಕು ಹಾಳೆಗಳು ಗ್ರೇನ್ ಉದ್ದಕ್ಕೇ ಬರುವಂತೆ ಏಳುತ್ತವೆ. ಎರಡನೇ ಸಲ ಆ ಅಳತೆ ದಾಸ್ತಾನಿನಲ್ಲಿ ಇರಲಿಲ್ಲವೆಂದು 23×36ರಿಂದ ಕೊಯ್ದಿದ್ದರು. ಅದರಲ್ಲಿ ಹಾಳೆಯನ್ನು ಉದ್ದಕ್ಕೇ ಇಟ್ಟರೆ ಎರಡೇ ಏಳುತ್ತವೆ, ತಿರುಗಿಸಿ ಇಟ್ಟರೆ 36 ಇಂಚಿನಲ್ಲಿ 12ರ ಮೂರು ತುಂಡು ಕೂರುತ್ತವೆ. ಅವರು ಮೂರು ಏಳಿಸಿದರು, ಗ್ರೇನ್ ಅಡ್ಡ ಬಂತು. ಮಿಲ್ಲಿನ ಬಂಡಲಿನ ಮೇಲೆ ಗ್ರೇನಿನ ಗುರುತು ಇರುತ್ತದೆ, ಆದರೆ ಅಂಗಡಿಯವರು ಕೊಯ್ದು ಕಂದು ಕಾಗದದಲ್ಲಿ ಸುತ್ತಿ ಕೊಡುವಾಗ ಅದು ಮಾಯವಾಗುತ್ತದೆ. ಬಿಲ್ಲಿನಲ್ಲಿ ಅಳತೆ, ತೂಕ ಮಾತ್ರ ಇರುತ್ತವೆ. ಮುದ್ರಿಸಿದ ಕಾಗದವನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದರು. ಅಳತೆ ಬದಲಾಯಿತೆಂದು ಕೊಯ್ಯುವ ಮೊದಲು ಒಂದು ಮಾತು ಹೇಳಬೇಕಿತ್ತು ಎಂಬ ನನ್ನ ಸಿಟ್ಟು ಇನ್ನೂ ಆರಿಲ್ಲ.

ಈ ಗ್ರೇನಿನ ಗುಂಗಿನಲ್ಲೇ ಮುಂದಿನ ಕೆಲಸವೊಂದು ತಲೆಯಲ್ಲಿ ಕೂತಿದೆ. ಕಸೂತಿಯ ಗೋಪುರದ ವಿನ್ಯಾಸವನ್ನು ಇಂಕಿಲ್ಲದೆ, ಬರೀ ಉಬ್ಬಾಗಿ, ಹತ್ತಿಯ ದಪ್ಪ ಕಾಗದದ ಮೇಲೆ ಒತ್ತಬೇಕೆಂದಿದ್ದೇನೆ. ಕೈಯಿಂದ ಎತ್ತಿದ ಕಾಗದದಲ್ಲಿ ನಾರು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಕಸೂತಿಯ ಅಡ್ಡ, ಉದ್ದ, ಓರೆ ಹೊಲಿಗೆಗಳು ಮೂರೂ ಒಂದೇ ಸಮನಾಗಿ ಏಳಬೇಕು. ಕೆಳಗಿನ ಅಚ್ಚಿಗೆ ಸತುವಿನ ಬ್ಲಾಕು, ಮೇಲಿನದಕ್ಕೆ ಅಂಟಿಸಿದ ರಟ್ಟಿನ ಪದರಗಳು ಸಾಕೆನಿಸುತ್ತದೆ.

ಎರಡನೇ ಲಾಟಿನ ಮುದ್ರಿತ ಹಾಳೆಗಳನ್ನು ಮಡಿಸದೆ ಎ5 ಕಾರ್ಡುಗಳಾಗಿ ಕೊಯ್ದು, ಅಂಗಡಿಯ ಗಲ್ಲೆಯ ಮೇಲಿಡಲು ಕೊಟ್ಟೆ. ಬಣ್ಣ ಚೆನ್ನಾಗಿಯೇ ಬಂದಿದ್ದರಿಂದ ಗೆಳತಿ ಒಪ್ಪಿದಳು. ಹೊಸದಾಗಿ 25×36ರ 50 ಹಾಳೆಗಳನ್ನು ಬೇರೆ ಅಂಗಡಿಯಿಂದ ತರಿಸಿದೆ. ಆರ್ಡರಿನಲ್ಲಿ ‘ಗ್ರೇನ್ 18 ಇಂಚಿನ ಉದ್ದಕ್ಕೆ’ ಎಂದು ಬರೆದು, ಬಂಡಲು ಬಿಚ್ಚಿದ ಕೂಡಲೇ ಎರಡು ಪಟ್ಟಿ ಕೊಯ್ದು ನೋಡಿಯೇ ಮುದ್ರಣಕ್ಕೆ ಕಳಿಸಿದೆ. ಹಳೆಯ ರೂಲ್, 1.0 ಮಿ.ಮೀ. ಮ್ಯಾಟ್ರಿಕ್ಸ್, ಹಳೆಯ ಒತ್ತಡ ಎಲ್ಲವೂ ಮೊದಲಿದ್ದಂತೆಯೇ. ನಿನ್ನೆ ಸಂಜೆ 180 ಮಡಿಸಿದೆ. ಕೆಂಪು ಎಲ್ಲಿಯೂ ಬಿರಿಯಲಿಲ್ಲ. ಉಳಿದ 220ನ್ನು ಮಡಿಸಿ ವಿಳಾಸದ ಚೀಟಿ ಅಂಟಿಸುವುದು ಭಾನುವಾರದ ಕೆಲಸ, ಸೋಮವಾರ ಎಲ್ಲವೂ ಅಂಚೆಗೆ.