ಸೊಂಟದ ಕೀಲಿಗೆ ಯಾವ ಇಂಪ್ಲಾಂಟ್? ಎಕ್ಸ್‌ರೇ ಮೊದಲು, ಕ್ಯಾಟಲಾಗ್ ಆಮೇಲೆ

ಸೊಂಟದ ಕೀಲು ಬದಲಿಸಬೇಕು ಅಂದ ತಕ್ಷಣ ರೋಗಿಯ ಕಡೆಯವರು ಕೇಳುವುದು ಒಂದೇ. "ಡಾಕ್ಟ್ರೇ, ಎಲ್ಲಕ್ಕಿಂತ ಒಳ್ಳೇ ಇಂಪ್ಲಾಂಟ್ ಯಾವುದು? ಅದನ್ನೇ ಹಾಕಿಬಿಡಿ." ಹೊಸದಾಗಿ ಮೂಳೆ ವಿಭಾಗಕ್ಕೆ ಬಂದ ಜೂನಿಯರ್‌ಗಳೂ ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ. ನಾನು ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಬೇರೆ. ಈ ಮನುಷ್ಯನ ಹೊಸ ಕೀಲು ಮುಂದೆ ಕೆಟ್ಟರೆ, ಯಾವ ಥರ ಕೆಡುವ ಸಾಧ್ಯತೆ ಜಾಸ್ತಿ? ಅದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಕೆಡುವ ದಾರಿಗಳು ತುಂಬಾ ಏನಿಲ್ಲ. ತೊಡೆಮೂಳೆಯ ತಲೆಯ ಬದಲಿಗೆ ಹಾಕಿದ ಬಾಲ್, ಸೊಂಟದ ಮೂಳೆಯಲ್ಲಿ ಕೂರಿಸಿದ ಕಪ್ಪಿನಿಂದ ಜಾರಿ ಆಚೆ ಬರಬಹುದು. ಬಾಲ್ ಹೊರಲು ತೊಡೆಮೂಳೆ ಒಳಗೆ ಕೂರಿಸಿದ ಲೋಹದ ಕಡ್ಡಿ, ಅಂದರೆ ಸ್ಟೆಮ್, ಅದರ ಸುತ್ತ ಮೂಳೆಯೇ ಮುರಿಯಬಹುದು. ಉಜ್ಜುವ ಭಾಗ ಸವೆಯಬಹುದು. ಕಪ್ಪೋ ಸ್ಟೆಮ್ಮೋ ಮೂಳೆಗೆ ಸರಿಯಾಗಿ ಹಿಡಿಯದೆ ಸಡಿಲವಾಗಬಹುದು. ಸೋಂಕೂ ಆಗಬಹುದು, ಆದರೆ ಅಲ್ಲಿ ಇಂಪ್ಲಾಂಟಿಗಿಂತ ರೋಗಿಯ ಶುಗರ್ ಹತೋಟಿ, ಸಿಗರೇಟು ಬಿಡಿಸುವುದು, ಆಪರೇಷನ್ ಥಿಯೇಟರಿನ ಶಿಸ್ತು ಇವೇ ದೊಡ್ಡವು. ಅದನ್ನು ಇಲ್ಲಿ ಬಿಡುತ್ತೇನೆ.

ಮೊದಲು ಮೂಳೆ ನೋಡೋಣ. ಎಕ್ಸ್‌ರೇಯಲ್ಲಿ ತೊಡೆಮೂಳೆಯ ಮೇಲ್ಭಾಗವನ್ನು ಡಾರ್ ಎ, ಬಿ, ಸಿ ಅಂತ ವಿಂಗಡಿಸುತ್ತೇವೆ. ಎ ಅಂದರೆ ಗೋಡೆ ದಪ್ಪ, ಒಳಗಿನ ಕಾಲುವೆ ಮೇಲೆ ಅಗಲ, ಕೆಳಗೆ ಸಣ್ಣ. ಸಿ ಅಂದರೆ ಗೋಡೆ ತೆಳು, ಮೇಲಿಂದ ಕೆಳಗೆ ಒಂದೇ ಅಗಲದ ಪೈಪು. ಬಿ ಇವೆರಡರ ನಡುವೆ. ಸಿಮೆಂಟ್ ಇಲ್ಲದ ಸ್ಟೆಮ್ ಬಿಗಿಯಾಗಿ ಕೂರಬೇಕು, ಅದರ ಒರಟು ಮೈಗೆ ಮೂಳೆ ಬೆಳೆದು ಅಂಟಬೇಕು, ಅದಕ್ಕೆ ಕೆಲವು ವಾರಗಳೇ ಬೇಕು. ಅಲ್ಲಿಯವರೆಗೆ ಅದನ್ನು ಹಿಡಿದಿಡುವುದು ಸುತ್ತಿಗೆಯ ಪೆಟ್ಟಿನಿಂದ ಸಿಕ್ಕ ಬಿಗಿ ಮಾತ್ರ. ದಪ್ಪ ಗೋಡೆಯ ಮೂಳೆ ಆ ಪೆಟ್ಟು ತಡೆಯುತ್ತದೆ. ತೆಳು ಮೂಳೆ ಅಲ್ಲೇ ಬಿರುಕು ಬಿಡಬಹುದು, ಇಲ್ಲವೇ ಮನೆಗೆ ಹೋದ ಕೆಲವೇ ದಿನಕ್ಕೆ ಸಣ್ಣದಾಗಿ ಎಡವಿದರೂ ಸ್ಟೆಮ್ ಪಕ್ಕದಲ್ಲೇ ಮುರಿಯಬಹುದು.

ಹಾಗಾಗಿ ಎಪ್ಪತ್ತೈದು ದಾಟಿದ, ಮೂಳೆ ಸವೆದ ಅಜ್ಜಿಗೆ ನಾನು ಸಿಮೆಂಟ್ ತುಂಬಿ ಕೂರಿಸುವ ಸ್ಟೆಮ್ ಹಾಕುತ್ತೇನೆ. ಇಲ್ಲಿ ಮನೆಯವರ ಜೊತೆ ವಾದ ಖಂಡಿತ. "ಸಿಮೆಂಟ್ ಹಳೇ ಪದ್ಧತಿ ಅಲ್ವಾ, ಅಮ್ಮನಿಗೆ ಹೊಸದು ಹಾಕಿ" ಅಂತ ಮಗ ಕೇಳುತ್ತಾರೆ, ಅದರಲ್ಲಿ ತಾಯಿಯ ಮೇಲಿನ ಪ್ರೀತಿಯೇ ಇದೆ. ನಾನು ಎಕ್ಸ್‌ರೇ ತೋರಿಸಿ ಗೋಡೆ ಎಷ್ಟು ತೆಳು ಅಂತ ಅವರಿಗೇ ಬೆರಳಿಟ್ಟು ನೋಡಲು ಹೇಳುತ್ತೇನೆ. ಹೌದು, ಹಳೆಯದೇ. ಈ ವಯಸ್ಸಿನವರಲ್ಲಿ ಸಿಮೆಂಟ್ ಹಾಕಿದರೆ ಸ್ಟೆಮ್ ಸುತ್ತ ಮೂಳೆ ಮುರಿಯುವುದು ಕಡಿಮೆ ಅಂತ ಹಾಕಿದ ಕೀಲುಗಳ ಲೆಕ್ಕ ಇಡುವ ಹಲವು ದೇಶಗಳ ನೋಂದಣಿ ಪಟ್ಟಿಗಳು ಮತ್ತೆ ಮತ್ತೆ ತೋರಿಸಿವೆ. ಸಿಮೆಂಟ್ ಅಂಟಲ್ಲ, ಮೂಳೆಯ ಸಣ್ಣ ಸಣ್ಣ ರಂಧ್ರಗಳಿಗೆ ನುಗ್ಗಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಭಾರವನ್ನು ಹಂಚುತ್ತದೆ. ಅದಕ್ಕೂ ಅದರದ್ದೇ ಅಪಾಯ ಉಂಟು. ಒತ್ತಿ ತುಂಬುವ ಹೊತ್ತಿಗೆ ಕೆಲವರ ಬಿಪಿ, ಆಕ್ಸಿಜನ್ ದಿಢೀರ್ ಇಳಿಯುತ್ತದೆ. ಹೃದಯ, ಶ್ವಾಸಕೋಶ ದುರ್ಬಲ ಇದ್ದವರಲ್ಲಿ ಇದು ಗಂಭೀರ. ಕಾಲುವೆಯನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. "ಸಿಮೆಂಟ್ ಹಾಕ್ತಿದ್ದೇವೆ" ಅಂತ ಅನಸ್ತೇಷಿಯಾ ಡಾಕ್ಟರಿಗೆ ಗಟ್ಟಿಯಾಗಿ ಹೇಳಿಯೇ ಮುಂದುವರಿಯಬೇಕು.

ಈಗ ಜಾರುವ ವಿಷಯ. ನನ್ನ ಪ್ರಕಾರ ಜೂನಿಯರ್‌ಗಳು ಅತಿ ಕಡಿಮೆ ಯೋಚಿಸುವುದು ಇಲ್ಲೇ. 1978ರಲ್ಲಿ ಲೂಯಿನೆಕ್ ಮತ್ತು ಜೊತೆಗಾರರು ಕಪ್ ಕೂರಿಸಲು ಒಂದು ಸುರಕ್ಷಿತ ವಲಯ ಹೇಳಿದರು: ಓರೆ 40 ಡಿಗ್ರಿ, ಮುಂದಕ್ಕೆ ತಿರುವು 15 ಡಿಗ್ರಿ, ಎರಡಕ್ಕೂ ಆಚೀಚೆ 10. ಎಲ್ಲರೂ ಇದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಕಪ್ ಸರಿಯಾಗಿ ಅದೇ ವಲಯದಲ್ಲಿ ಇದ್ದೂ ಕೀಲು ಜಾರಿದ ರೋಗಿಗಳು ಎಷ್ಟೋ ಜನ. ಯಾಕೆ? ಕಪ್ ಕೂತಿರುವುದು ಸೊಂಟದ ಮೂಳೆಯಲ್ಲಿ, ಆ ಮೂಳೆಯೇ ಒಂದು ಕಡೆ ನಿಲ್ಲುವುದಿಲ್ಲ. ನಾವು ಕುಳಿತಾಗ ಅದು ಹಿಂದಕ್ಕೆ ವಾಲುತ್ತದೆ, ಕಪ್ಪಿನ ಬಾಯಿ ಮುಂದಕ್ಕೆ ತೆರೆಯುತ್ತದೆ, ಮೇಲೆ ಬರುವ ತೊಡೆಗೆ ಜಾಗ ಸಿಗುತ್ತದೆ. ಬೆನ್ನಿಗೆ ಸ್ಕ್ರೂ-ರಾಡ್ ಹಾಕಿ ಕೂಡಿಸಿದವರಲ್ಲಿ ಈ ವಾಲುವಿಕೆ ಕಡಿಮೆಯಾಗುತ್ತದೆ. ತಗ್ಗಿನ ಕುರ್ಚಿಯಲ್ಲಿ ಕೂತರೆ ಸ್ಟೆಮ್ಮಿನ ಕತ್ತು ಕಪ್ಪಿನ ಮುಂದಿನ ಅಂಚಿಗೆ ತಗುಲುತ್ತದೆ, ಬಾಲ್ ಹಿಂದಿನಿಂದ ಎದ್ದು ಹೊರಬರುತ್ತದೆ.

ಅದಕ್ಕೇ ಬೆನ್ನಿನ ಆಪರೇಷನ್ ಆಗಿದೆಯಾ ಅಂತ ಕೇಳದೆ ನಾನು ಇಂಪ್ಲಾಂಟ್ ಬರೆದು ಕೊಡುವುದಿಲ್ಲ. ಆಗಿದ್ದರೆ ನಿಂತು ಒಂದು, ಕೂತು ಒಂದು, ಪಕ್ಕದಿಂದ ಎಕ್ಸ್‌ರೇ ತೆಗೆಸುತ್ತೇನೆ. ಬೆನ್ನು ಅಲ್ಲಾಡುತ್ತಿಲ್ಲ ಅಂತ ಕಂಡರೆ ಡ್ಯುಯಲ್ ಮೊಬಿಲಿಟಿ ಕಪ್ ಕಡೆ ಹೋಗುತ್ತೇನೆ. ಇದನ್ನು 1970ರ ದಶಕದಲ್ಲಿ ಫ್ರಾನ್ಸಿನ ಜಿಲ್ ಬುಸ್ಕೆ ರೂಪಿಸಿದರು. ಸಣ್ಣ ಬಾಲ್ ಒಂದು ದೊಡ್ಡ ಪ್ಲಾಸ್ಟಿಕ್ ಗೋಳದೊಳಗೆ ತಿರುಗುತ್ತದೆ, ಆ ಗೋಳ ಮತ್ತೆ ನುಣುಪಾದ ಲೋಹದ ಕಪ್ಪಿನೊಳಗೆ ತಿರುಗುತ್ತದೆ. ಜಾರಬೇಕಾದರೆ ದೊಡ್ಡ ಗೋಳವೇ ಆಚೆ ಬರಬೇಕು, ಅದು ಕಷ್ಟ. ಪಾರ್ಕಿನ್ಸನ್ ಇದ್ದವರು, ಮರೆವಿನ ಕಾಯಿಲೆಯಿಂದ "ಹೀಗೆ ಬಗ್ಗಬೇಡಿ" ಅಂದದ್ದನ್ನು ನೆನಪಿಟ್ಟುಕೊಳ್ಳಲಾಗದವರು, ಇವರಿಗೂ ಇದು ಒಳ್ಳೆಯದು. ಹಾಗಂತ ಸುಮ್ನೆ ಎಲ್ಲರಿಗೂ ಹಾಕಬಾರದು. ಉಜ್ಜುವ ಮೇಲ್ಮೈ ಒಂದರ ಬದಲು ಎರಡಾಗುತ್ತದೆ, ಅಪರೂಪಕ್ಕೆ ಒಳಗಿನ ಬಾಲ್ ಗೋಳದಿಂದ ಕಳಚುವುದೂ ಉಂಟು.

ವಯಸ್ಸು ಚಿಕ್ಕದಿದ್ದರೆ ಲೆಕ್ಕ ಬದಲಾಗುತ್ತದೆ. ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಕೀಲು ಹಾಳಾದ ಮೂವತ್ತೈದರ ಯುವಕನಿಗೆ ಮೂಳೆ ಗಟ್ಟಿ, ಜಾರುವ ಭಯ ಕಡಿಮೆ, ಆದರೆ ಅವನು ಇನ್ನೂ ಎಷ್ಟು ದಶಕ ನಡೆಯಬೇಕು! ಅವನಿಗೆ ಸವೆತವೇ ಶತ್ರು. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಕಪ್ ಹಾಕಿ ನೋಡಿದ್ದರು, ಅವು ಕೆಲವೇ ವರ್ಷದಲ್ಲಿ ಸವೆದುಹೋದವು. 1962ರಲ್ಲಿ ಅವರು ಪಾಲಿಎಥಿಲೀನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ಗೆ ಬದಲಾದರು, ಇಂದಿನ ಹಿಪ್ ಶುರುವಾದದ್ದು ಅಲ್ಲಿಂದ. ಹಳೆಯ ಪಾಲಿಎಥಿಲೀನ್ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆಯುತ್ತಿತ್ತು. ಕೇಳಲು ಸಣ್ಣದು, ಆದರೆ ಆ ಪುಡಿಗೆ ದೇಹ ಕೆರಳಿ ಸುತ್ತಲಿನ ಮೂಳೆಯನ್ನೇ ಕರಗಿಸುತ್ತಿತ್ತು. 1990ರ ದಶಕದ ಕೊನೆಗೆ ಬಂದ ಹೈಲಿ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ (ಒಳಗಿನ ಎಳೆಗಳನ್ನು ಒಂದಕ್ಕೊಂದು ಬೆಸೆದದ್ದು) ಇದನ್ನು ತುಂಬಾ ಇಳಿಸಿತು. ಅದರ ಮೇಲೆ ಸೆರಾಮಿಕ್ ಬಾಲ್, ಯುವಕರಿಗೆ ನನ್ನ ಮೊದಲ ಆಯ್ಕೆ ಇದೇ. ಸೆರಾಮಿಕ್ ಮೇಲೆ ಸೆರಾಮಿಕ್ ಇನ್ನೂ ಕಡಿಮೆ ಸವೆಯುತ್ತದೆ, ಆದರೆ ಕೆಲವರಿಗೆ ನಡೆಯುವಾಗ ಕಿರ್ ಅನ್ನುತ್ತದೆ, ಕಪ್ಪಿನ ಕೋನ ಸ್ವಲ್ಪ ತಪ್ಪಿದರೂ ಅದು ಕ್ಷಮಿಸುವುದಿಲ್ಲ.

ಬಾಲ್ ದೊಡ್ಡದಾದಷ್ಟೂ ಜಾರುವುದು ಕಷ್ಟ ನಿಜ, ಆದರೆ ಕಪ್ ಸಣ್ಣದಿದ್ದು ಬಾಲ್ ದೊಡ್ಡದಾದರೆ ನಡುವಿನ ಲೈನರ್, ಅಂದರೆ ಕಪ್ಪಿನ ಒಳಪದರ, ತೆಳುವಾಗುತ್ತದೆ. ನಾನು ಹೆಚ್ಚಾಗಿ 32 ಅಥವಾ 36 ಮಿಲಿಮೀಟರ್‌ಗೆ ನಿಲ್ಲುತ್ತೇನೆ.

ಹೊಸದು ಅಂದರೆ ಒಳ್ಳೆಯದು ಅನ್ನುವವರಿಗೆ ಲೋಹದ ಮೇಲೆ ಲೋಹದ ಹಿಪ್‌ಗಳ ಕಥೆ ಹೇಳುತ್ತೇನೆ. ಯುವಕರಿಗೆ ಹೇಳಿ ಮಾಡಿಸಿದ್ದು ಅಂತ ಬಂದವು. ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿತು, ಕೀಲಿನ ಸುತ್ತಲಿನ ಸ್ನಾಯು ಹಾಳಾಯಿತು, 2010ರಲ್ಲಿ ಅಂಥ ಒಂದು ಮಾದರಿಯನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಬೇಕಾಯಿತು. ಅದು ಬೇಗ ಕೆಡುತ್ತಿದೆ ಅಂತ ಮೊದಲೇ ತೋರಿಸಿದವುಗಳಲ್ಲಿ ಆಸ್ಟ್ರೇಲಿಯಾದ ನೋಂದಣಿ ಪಟ್ಟಿ ಒಂದು. ಸ್ವೀಡನ್ ಇಂಥ ಪಟ್ಟಿಯನ್ನು 1979ರಿಂದಲೇ ಇಟ್ಟಿದೆ. ಬ್ರಿಟನ್ನಿನ ತಜ್ಞರ ಸಮಿತಿ ಇಂಪ್ಲಾಂಟ್‌ಗಳಿಗೆ ಕೊಡುವ ಒಡೆಪ್ ರೇಟಿಂಗ್‌ನಲ್ಲಿ ಅಂಕಿ ಎಷ್ಟು ವರ್ಷದ ಮಾಹಿತಿ ಇದೆ ಅಂತ ಹೇಳುತ್ತದೆ, ಅಕ್ಷರ ಆ ಮಾಹಿತಿ ಎಷ್ಟು ಗಟ್ಟಿ ಅಂತ. ಕಂಪನಿಯ ಪ್ರತಿನಿಧಿ ಚಂದದ ಪುಸ್ತಕ ಮುಂದಿಟ್ಟಾಗ ನಾನು ಮೊದಲು ಕೇಳುವುದು ಈ ರೇಟಿಂಗ್.

ಆಯ್ಕೆ ಆದ ಮೇಲೆ ಟೆಂಪ್ಲೇಟಿಂಗ್, ಅಂದರೆ ಎಕ್ಸ್‌ರೇ ಮೇಲೆ ಅಳೆದು ಸೈಜು ಮೊದಲೇ ಲೆಕ್ಕ ಹಾಕುವುದು. ಎಕ್ಸ್‌ರೇ ಮೂಳೆಯನ್ನು ದೊಡ್ಡದು ಮಾಡಿ ತೋರಿಸುತ್ತದೆ, ಆದ್ದರಿಂದ ಅಳತೆ ಗೊತ್ತಿರುವ ಲೋಹದ ಗುಂಡು ಪಕ್ಕದಲ್ಲಿಟ್ಟೇ ತೆಗೆಸಬೇಕು. ಕಾಲಿನ ಉದ್ದ, ಆಫ್‌ಸೆಟ್ (ಬಾಲ್‌ನ ನಡುವಿನಿಂದ ತೊಡೆಮೂಳೆಯ ನಡುಗೆರೆಗೆ ಇರುವ ಅಡ್ಡ ದೂರ) ಎರಡನ್ನೂ ಅಳೆಯಬೇಕು. ಆಫ್‌ಸೆಟ್ ಕಮ್ಮಿಯಾಗಿ ಸ್ನಾಯು ಸಡಿಲವಾದರೆ, ಅದನ್ನು ಬಿಗಿ ಮಾಡಲು ಕಾಲು ಉದ್ದ ಮಾಡುವ ಆಸೆ ಬರುತ್ತದೆ, ರೋಗಿ ಜೀವನಪೂರ್ತಿ ಒಂದು ಕಡೆ ವಾಲಿಕೊಂಡು ನಡೆಯಬೇಕಾಗುತ್ತದೆ. ಹೈ ಆಫ್‌ಸೆಟ್ ಸ್ಟೆಮ್ ಥಿಯೇಟರಿನಲ್ಲಿ ಇದೆಯಾ ಅಂತ ಹಿಂದಿನ ದಿನವೇ ನೋಡಿ. ಪಕ್ಕದ ಎರಡು ಸೈಜುಗಳು, ಮೂಳೆ ಬಿರುಕು ಬಿಟ್ಟರೆ ಕಟ್ಟಲು ತಂತಿ, ಉದ್ದದ ಸ್ಟೆಮ್, ಇವೂ ಇರಲಿ.

ಇನ್ನೊಂದು. ಎರಡು ಕಂಪನಿಯ ಪೊಟ್ಟಣದ ಮೇಲೂ ಟೇಪರ್ (ಬಾಲ್ ಕೂರುವ ಸ್ಟೆಮ್ಮಿನ ಮೊನಚಾದ ತುದಿ) 12/14 ಅಂತ ಬರೆದಿದ್ದರೆ ಒಂದರ ಬಾಲ್ ಇನ್ನೊಂದರ ಸ್ಟೆಮ್ಮಿಗೆ ಹಾಕಬಹುದು ಅಂದುಕೊಳ್ಳಬೇಡಿ. ಕೋನ, ಮೇಲ್ಮೈ ಬೇರೆ ಇರಬಹುದು. ಸ್ಟೆಮ್, ಬಾಲ್ ಒಂದೇ ಕಂಪನಿಯದ್ದಾಗಿರಲಿ.

ಕಪ್, ಲೈನರ್, ಬಾಲ್, ಸ್ಟೆಮ್, ನಾಲ್ಕರ ಸ್ಟಿಕರ್ ಕೇಸ್ ಶೀಟಿಗೆ ಹಚ್ಚಿ, ರೋಗಿಗೂ ಒಂದು ಕಾರ್ಡು ಕೊಡಿ. ರೋಗಿಗಳೇ, ಕೊಡದಿದ್ದರೆ ಕೇಳಿ ಪಡೆಯಿರಿ. ಮುಂದೆಂದೋ ಸೆರಾಮಿಕ್ ಬಾಲ್ ಒಡೆದರೆ, ಎಷ್ಟು ತೊಳೆದರೂ ಸಣ್ಣ ಚೂರುಗಳು ಒಳಗೆ ಉಳಿಯುತ್ತವೆ. ಅಲ್ಲಿ ಲೋಹದ ಬಾಲ್ ಹಾಕಿದರೆ ಆ ಚೂರುಗಳು ಅದನ್ನು ಅರೆದು ಲೋಹವನ್ನು ರಕ್ತಕ್ಕೆ ಬಿಡುತ್ತವೆ, ಆದ್ದರಿಂದ ಮತ್ತೆ ಸೆರಾಮಿಕ್ಕೇ ಹಾಕಬೇಕು. ಯಾವ ಕಂಪನಿಯ ಯಾವ ಸ್ಟೆಮ್ ಒಳಗಿದೆ ಅಂತ ಆ ದಿನದ ಡಾಕ್ಟರಿಗೆ ಹೇಳುವುದು ಆ ಕಾರ್ಡೇ.